ನೋಯದ ರೋಗ, ಕಾಣದ ಕರ್ತವ್ಯ

ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ವಾಸಿಸುವವರಿಗೆ ಆಂಬುಲೆನ್ಸಿನ ಸದ್ದು ಹೊಸತಲ್ಲ. ಕುಮಟಾ, ಹೊನ್ನಾವರ, ಭಟ್ಕಳಗಳಿಂದ ಹೊರಟ ಆಂಬುಲೆನ್ಸುಗಳು ಹಗಲೆನ್ನದೆ ಇರುಳೆನ್ನದೆ ಕುಂದಾಪುರ, ಮಣಿಪಾಲ, ಮಂಗಳೂರಿನತ್ತ ಓಡುತ್ತಿರುತ್ತವೆ. ಹೊನ್ನಾವರ, ಕುಮಟಾಗಳಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಳೆಯಲ್ಲಿ ಜಾರಿ ಉರುಳಿತು. ನಾಲ್ವರು ಸತ್ತರು. ಆ ದೃಶ್ಯವನ್ನು ಇಡೀ ನಾಡು ಮೊಬೈಲಿನಲ್ಲಿ ನೋಡಿತು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂಬ ಕೂಗು ಅದಕ್ಕೂ ಮೊದಲೇ, 2019ರಲ್ಲೇ, ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿತ್ತು. ಈ ದುರಂತದ ಬಳಿಕ ಅದು ಬೀದಿಗೂ ಬಂತು. ಜಾತಿ, ಧರ್ಮ, ಪಕ್ಷಗಳ ಭೇದವಿಲ್ಲದೆ ಜನರು ಒಂದೇ ಮಾತನ್ನು ಆಡಿದ ಅಪರೂಪದ ಸಂದರ್ಭ ಅದು.

ಆ ಬೇಡಿಕೆ ನ್ಯಾಯವಾದದ್ದು. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಆಂಬುಲೆನ್ಸುಗಳಲ್ಲಿ ಮಲಗಿರುವವರು ಯಾರು, ಅವರು ಅಲ್ಲಿಗೆ ಹೇಗೆ ಬಂದರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಅಪಘಾತದ ಗಾಯಾಳುಗಳಿದ್ದಾರೆ, ಹೆರಿಗೆಯ ತೊಡಕಿನವರಿದ್ದಾರೆ. ಅವರ ಜೊತೆಗೆ ಲಕ್ವಾ ಹೊಡೆದವರು, ಹೃದಯಾಘಾತವಾದವರು, ಮೂತ್ರಪಿಂಡ ಕೈಕೊಟ್ಟವರೂ ಇದ್ದಾರೆ. ಈ ಕೊನೆಯವರಲ್ಲಿ ಅನೇಕರ ಪ್ರಯಾಣ ಆ ರಾತ್ರಿ ಆರಂಭವಾದದ್ದಲ್ಲ. ಐದೋ ಹತ್ತೋ ವರ್ಷಗಳ ಹಿಂದೆ, ಅವರ ರಕ್ತದೊತ್ತಡ ಏರತೊಡಗಿದ ದಿನವೇ ಅದು ಆರಂಭವಾಗಿತ್ತು. ಅಂದು ಅವರಿಗೆ ಏನೂ ಅನ್ನಿಸಲಿಲ್ಲ. ಅವರ ಮನೆಯವರಿಗೂ, ಊರಿಗೂ, ಸರಕಾರಕ್ಕೂ ಏನೂ ಅನ್ನಿಸಲಿಲ್ಲ.

ನೋವು ಕಂಡಾಗ ಮಿಡಿಯುವ ಮನಸ್ಸು ನಮಗಿದೆ. ನೋವೇ ಇಲ್ಲದ ಕಡೆ, ಆದರೆ ಅಪಾಯ ಖಚಿತವಾಗಿರುವ ಕಡೆ ನಮಗೆ ಕರ್ತವ್ಯವಿದೆಯೇ? ಇದ್ದರೆ ಅದು ಯಾರದು? ಈ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲ, ನಮ್ಮ ನೈತಿಕತೆಗೂ ಸೇರಿದ್ದು.

ಗುಳಿಗೆ ಬಿಟ್ಟವರು

ನನಗೆ ಪರಿಚಿತರಾದ ಒಬ್ಬ ಹಿರಿಯರು ಮೀನುಗಾರಿಕಾ ಬೋಟಿನಲ್ಲಿ ತಾಂಡೇಲರಾಗಿದ್ದರು. ಗಟ್ಟಿ ಆಳು. ಒಮ್ಮೆ ಹಲ್ಲುನೋವಿಗೆಂದು ಹೋದಾಗ ಬಿಪಿ ನೋಡಿದ ವೈದ್ಯರು ಗುಳಿಗೆ ಬರೆದುಕೊಟ್ಟರು. ಮೂರು ತಿಂಗಳು ನುಂಗಿದರು. ಮತ್ತೆ ಅಳೆಸಿದಾಗ "ನಾರ್ಮಲ್ ಇದೆ" ಎಂದರು. ಅವರು ಗುಳಿಗೆ ಬಿಟ್ಟರು. "ನನಗೆ ಏನೂ ಆಗುದಿಲ್ಲ ಮಾರಾಯಾ, ಮತ್ತೆ ಗುಳಿಗೆ ಯಾಕೆ?" ಎಂದು ನಗುತ್ತಿದ್ದರು. ಎರಡು ವರ್ಷಗಳ ನಂತರ ಒಂದು ಬೆಳಗಿನ ಜಾವ ಬಾಯಿ ವಾರೆಯಾಯಿತು, ಬಲಗೈ ಬಿತ್ತು. ಆಂಬುಲೆನ್ಸ್ ಬಂತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಈಗ ಅವರನ್ನು ಎತ್ತಿ ಕೂರಿಸಲು ಮನೆಯಾಕೆ ಬೇಕು, ಆಕೆಗೆ ಸಹಾಯಕ್ಕೆಂದು ಮಗಳು ಕಾಲೇಜು ಬಿಟ್ಟಿದ್ದಾಳೆ.

ಊರವರು ಹೇಳಿದ್ದೇನು? "ಅವರದೇ ತಪ್ಪು. ಗುಳಿಗೆ ತಗೊಳ್ಳಬೇಕಿತ್ತು."

ಈ ತೀರ್ಪು ನ್ಯಾಯವೇ? ಆ ಮನುಷ್ಯ ಮಾಡಿದ್ದನ್ನು ನಿಧಾನವಾಗಿ ನೋಡೋಣ. ಜ್ವರ ಬಂದರೆ ಗುಳಿಗೆ ತಗೊಳ್ಳುತ್ತೇವೆ, ಜ್ವರ ಹೋದರೆ ಬಿಡುತ್ತೇವೆ. ಜೀವನವಿಡೀ ಕಲಿತ ಪಾಠ ಅದು. "ನಾರ್ಮಲ್ ಇದೆ" ಎಂಬ ಮಾತನ್ನು ಅವರು "ಗುಣವಾಗಿದೆ" ಎಂದೇ ಅರ್ಥ ಮಾಡಿಕೊಂಡರು. ಗುಳಿಗೆ ನುಂಗುತ್ತಿರುವುದರಿಂದಲೇ ಅದು ನಾರ್ಮಲ್ ಇದೆ, ಬಿಟ್ಟರೆ ಮತ್ತೆ ಏರುತ್ತದೆ ಎಂದು ಕೂತು ಹೇಳುವಷ್ಟು ಸಮಯ ಆ ಜನಜಂಗುಳಿಯಲ್ಲಿ ಯಾರಿಗೂ ಇರಲಿಲ್ಲ. ಎರಡು ವರ್ಷ ಅವರು ಬಾರದೇ ಹೋದುದನ್ನು ಯಾವ ಪುಸ್ತಕವೂ ದಾಖಲಿಸಲಿಲ್ಲ. ಬ್ಯಾಂಕಿನ ಸಾಲದ ಒಂದು ಕಂತು ತಪ್ಪಿದರೆ ಮರುವಾರ ಮನೆ ಬಾಗಿಲಿಗೆ ಜನ ಬರುತ್ತಾರೆ. ಜೀವದ ಕಂತು ಎರಡು ವರ್ಷ ತಪ್ಪಿದರೂ ಒಂದು ಫೋನು ಕೂಡ ಬರಲಿಲ್ಲ.

ರಕ್ತದೊತ್ತಡದ ಸ್ವಭಾವವೇ ಹೀಗೆ. ಹೃದಯವು ರಕ್ತವನ್ನು ತಳ್ಳುವಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡವದು. ಬೇರೆ ಬೇರೆ ದಿನ ಅಳೆದಾಗಲೂ ಅದು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಹೆಚ್ಚಿನವರಲ್ಲಿ ತಲೆನೋವಿಲ್ಲ, ತಲೆಸುತ್ತಿಲ್ಲ, ದಣಿವಿಲ್ಲ. ಒಳಗೆ ಮಾತ್ರ ಮಿದುಳಿನ, ಹೃದಯದ, ಮೂತ್ರಪಿಂಡದ, ಕಣ್ಣಿನ ನಾಳಗಳು ವರ್ಷಗಟ್ಟಲೆ ಸವೆಯುತ್ತವೆ. ಅಳೆಯದೆ ತಿಳಿಯುವ ದಾರಿ ಬೇರೆ ಇಲ್ಲ.

ಅಧ್ಯಕ್ಷನಿಗೂ ಸಿಗದ ಗುಳಿಗೆ

ಇದನ್ನು ಅಳೆಯುವ ಪಟ್ಟಿಯನ್ನು ಇಟಲಿಯ ವೈದ್ಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ. ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಕ್ರಮವನ್ನು ರಷ್ಯಾದ ಕೊರೊಟ್ಕೋವ್ ತಿಳಿಸಿದ್ದು 1905ರಲ್ಲಿ. ಅಳೆಯುವುದು ಗೊತ್ತಾದರೂ ಇಳಿಸುವುದು ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟರ ರಕ್ತದೊತ್ತಡ 1944ರ ಮಾರ್ಚಿನಲ್ಲಿ 186/108 ಇತ್ತು. 1945ರ ಫೆಬ್ರವರಿಯಲ್ಲಿ ಯಾಲ್ಟಾ ಸಮ್ಮೇಳನದ ಹೊತ್ತಿಗೆ 260/150. ಅದೇ ವರ್ಷ ಏಪ್ರಿಲ್ 12ರಂದು ಅವರು ಮಿದುಳಿನ ರಕ್ತಸ್ರಾವದಿಂದ ಕುಸಿದಾಗ 300/190. ಲೋಕದ ಅತ್ಯಂತ ಬಲಶಾಲಿ ದೇಶದ ಮುಖ್ಯಸ್ಥನಿಗೆ ಕೊಡಲು ಅಂದು ಪರಿಣಾಮಕಾರಿಯಾದ ಒಂದು ಗುಳಿಗೆ ಇರಲಿಲ್ಲ. ಆಗ ಅವರಿಗೆ 63 ವರ್ಷ.

ಅಂತಹ ಗುಳಿಗೆಗಳು 1950ರ ದಶಕದ ಕೊನೆಯಲ್ಲಿ ಬಂದವು. ಅವು ಜೀವ ಉಳಿಸುತ್ತವೆ ಎಂಬುದು 1967 ಮತ್ತು 1970ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪ್ರಯೋಗಗಳಿಂದ ಸಾಬೀತಾಯಿತು. ಇಂದು ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂತಹ ಗುಳಿಗೆಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಔಷಧಿಗಳು. ಅಮ್ಲೋಡಿಪಿನ್ ಅನ್ನು ಜನೌಷಧಿ ಅಂಗಡಿಯಲ್ಲಿ ಕೊಂಡರೂ ಒಂದಕ್ಕೆ ಒಂದು ರೂಪಾಯಿ ಬೀಳುವುದಿಲ್ಲ. ರೂಸ್ವೆಲ್ಟರಿಗೆ ಸಿಗದೇ ಹೋದದ್ದು ನಮ್ಮ ತಾಂಡೇಲರ ಕೈಗೆ ಸಿಕ್ಕಿತ್ತು. ಸಿಕ್ಕಿಯೂ ಉಳಿಯಲಿಲ್ಲ.

ಇದು ಅವರೊಬ್ಬರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವಯಸ್ಸಿನವರಲ್ಲಿ ಸುಮಾರು 18 ಕೋಟಿ 80 ಲಕ್ಷ ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಅದು ಇದೆಯೆಂದು ತಿಳಿದವರು ಶೇ. 37. ಚಿಕಿತ್ಸೆಯಲ್ಲಿರುವವರು ಶೇ. 30. ಹತೋಟಿಯಲ್ಲಿರುವುದು ಶೇ. 15 ಮಂದಿಗೆ ಮಾತ್ರ. ಅಂದರೆ ನೂರರಲ್ಲಿ 85 ಮಂದಿ ತಿಳಿಯದೆಯೋ, ತಿಳಿದೂ ಗುಳಿಗೆಯಿಲ್ಲದೆಯೋ, ಗುಳಿಗೆಯಿದ್ದೂ ಸಾಕಾಗದೆಯೋ ಅಪಾಯದಲ್ಲಿದ್ದಾರೆ. ನೂರರಲ್ಲಿ 85 ಮಂದಿ ಎಡವುವ ರಸ್ತೆಯಲ್ಲಿ ನಡೆಯುವವರ ಕಾಲನ್ನು ದೂರಬೇಕೋ, ರಸ್ತೆಯನ್ನು ದೂರಬೇಕೋ?

ರಸ್ತೆ ಹೇಗಿದೆ?

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಿಗೂ ಒಂದು ತುದಿಯಲ್ಲಿ ಕಡಲು, ಇನ್ನೊಂದು ತುದಿಯಲ್ಲಿ ಘಟ್ಟ. ನಡುವೆ ಶರಾವತಿ, ಅಘನಾಶಿನಿ. ಪೇಟೆಯಲ್ಲಿರುವವರಿಗೆ ತಾಲೂಕು ಆಸ್ಪತ್ರೆ ಹತ್ತಿರ. ಹಾಡುವಳ್ಳಿ, ಗೇರುಸೊಪ್ಪೆಯಾಚೆಯ ಕಾಡಂಚಿನ ಮನೆಗಳವರಿಗೆ ಬಸ್ಸಿನ ಸಮಯವೇ ಆಸ್ಪತ್ರೆಯ ಸಮಯ. ಹತ್ತು ದಿನದ ಗುಳಿಗೆ ಕೊಟ್ಟು "ಮುಗಿದ ಮೇಲೆ ಬನ್ನಿ" ಎಂದರೆ ಅಡಿಕೆ ತೋಟದ ಕೂಲಿಯ ಹೆಣ್ಣುಮಗಳು ತಿಂಗಳಿಗೆ ಮೂರು ದಿನದ ಕೂಲಿ ಬಿಡಬೇಕು. ಉಚಿತ ಗುಳಿಗೆಗೆ ಅವಳು ತೆರುವ ಬೆಲೆ ಅದು. ಕಡಲಿಗೆ ಹೋದವನು ಹೊರರೋಗಿ ವಿಭಾಗದ ಹೊತ್ತಿಗೆ ದಡದಲ್ಲಿರುವುದಿಲ್ಲ. ಭಟ್ಕಳದ ಎಷ್ಟೋ ಮನೆಗಳ ಗಂಡಸರು ಕೊಲ್ಲಿಯಲ್ಲಿದ್ದಾರೆ. ರಜೆಯಲ್ಲಿ ಬಂದಾಗ ಒಬ್ಬ ವೈದ್ಯರು, ಅಲ್ಲಿ ಇನ್ನೊಬ್ಬರು, ಬೇರೆ ಹೆಸರಿನ ಬೇರೆ ಬಣ್ಣದ ಗುಳಿಗೆ. ಮನೆಯಲ್ಲಿರುವ ತಾಯಿಗೆ ಮಗನ ಫೋನಿನಲ್ಲಿ ಔಷಧದ ಹಣ ಬರುತ್ತದೆ, ಜೊತೆಗೆ ಕರೆದೊಯ್ಯುವ ಜನ ಬರುವುದಿಲ್ಲ.

ಹೆಂಗಸರ ಪಾಡು ಬೇರೆಯೇ. ಗರ್ಭಿಣಿಯಾಗಿದ್ದಾಗ ಅವಳ ಬಿಪಿಯನ್ನು ತಿಂಗಳು ತಿಂಗಳೂ ಅಳೆಯುತ್ತಾರೆ. ಹೆರಿಗೆಯಾದ ಮೇಲೆ ಅವಳ ತೋಳಿಗೆ ಮತ್ತೆ ಪಟ್ಟಿ ಸುತ್ತುವವರಿಲ್ಲ. ಮನೆಯವರೆಲ್ಲರ ಗುಳಿಗೆಯ ಲೆಕ್ಕ ಅವಳ ನೆನಪಿನಲ್ಲಿರುತ್ತದೆ, ಅವಳದು ಯಾರ ನೆನಪಿನಲ್ಲೂ ಇರುವುದಿಲ್ಲ.

ಇದನ್ನೆಲ್ಲ "ಜನರ ನಿರ್ಲಕ್ಷ್ಯ" ಎಂಬ ಒಂದೇ ಪದದಲ್ಲಿ ಮುಚ್ಚಿಬಿಡುವುದು ಸುಲಭ. ಆ ಪದ ನಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡುತ್ತದೆ. ಅದಕ್ಕೇ ಅದು ನಮಗೆ ಇಷ್ಟ.

ಒಬ್ಬ ಹಳ್ಳಿ ವೈದ್ಯನ ಉತ್ತರ

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಗ್ಲಿನ್‌ಕೊರುಗ್ ಎಂಬ ಕಲ್ಲಿದ್ದಲು ಗಣಿಯ ಬಡ ಹಳ್ಳಿಯಿದೆ. 1961ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ಅಲ್ಲಿಗೆ ಬಂದು ನೆಲೆಸಿದರು. ಬೇನೆ ಬಂದವರಿಗೆ ಮದ್ದು ಕೊಟ್ಟು ಸುಮ್ಮನಿರಲಿಲ್ಲ. ಬೇನೆಯಿಲ್ಲದೆ ಬಾರದೇ ಉಳಿದವರು ಯಾರು ಎಂದು ಪಟ್ಟಿ ಮಾಡಿದರು. ಯಾವ ಕಾರಣಕ್ಕೆ ಬಂದವರಿದ್ದರೂ ಬಿಪಿ ಅಳೆದರು, ಬಾರದವರನ್ನು ಹುಡುಕಿಕೊಂಡು ಹೋದರು. ಹೀಗೆ ಊರಿನ ಬಹುತೇಕ ಎಲ್ಲ ವಯಸ್ಕರ ರಕ್ತದೊತ್ತಡ ದಾಖಲಾಯಿತು. ಹೆಚ್ಚಿದ್ದವರ ಬೆನ್ನು ಬಿಡಲಿಲ್ಲ. ಇಪ್ಪತ್ತೈದು ವರ್ಷಗಳ ನಂತರ, 1991ರಲ್ಲಿ, ಅವರು ಲೆಕ್ಕ ಪ್ರಕಟಿಸಿದಾಗ ಅಕಾಲಿಕ ಸಾವಿನ ಪ್ರಮಾಣ ಪಕ್ಕದ ಅಂತಹದೇ ಹಳ್ಳಿಗಿಂತ ಶೇ. 28ರಷ್ಟು ಕಡಿಮೆಯಿತ್ತು. ಅಲ್ಲಿ ದೊಡ್ಡ ಯಂತ್ರಗಳಿರಲಿಲ್ಲ. ಒಂದು ಪಟ್ಟಿ, ಒಂದು ದಾಖಲೆ ಪುಸ್ತಕ, ಮತ್ತು ಬಾರದವನೂ ನನ್ನ ಹೊಣೆ ಎಂಬ ಭಾವನೆ ಇತ್ತು.

1971ರಲ್ಲಿ ಇದೇ ಹಾರ್ಟ್ ಒಂದು ನಿಯಮವನ್ನು ಮುಂದಿಟ್ಟರು. ಯಾರಿಗೆ ವೈದ್ಯಕೀಯ ಸೇವೆಯ ಅಗತ್ಯ ಹೆಚ್ಚೋ ಅವರಿಗೆ ಅದು ಸಿಗುವುದು ಕಡಿಮೆ, ಸೇವೆಯನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಈ ತಿರುಗುಮುರುಗು ಹೆಚ್ಚುತ್ತದೆ ಎಂಬುದು ಅದರ ತಿರುಳು. ನಮ್ಮ ಕರಾವಳಿಯಲ್ಲಿ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬಿಪಿ ಅಳೆಯುವ ಯಂತ್ರ ಇರುವುದು ಅಳೆಸಿಕೊಳ್ಳಲು ಪುರುಸೊತ್ತು ಇರುವವರ ಮನೆಯಲ್ಲಿ.

ಇನ್ನೊಬ್ಬ ಬ್ರಿಟಿಷ್ ವೈದ್ಯ ಜೆಫ್ರಿ ರೋಸ್ 1980ರ ದಶಕದಲ್ಲಿ ಒಂದು ವಿರೋಧಾಭಾಸವನ್ನು ಗುರುತಿಸಿದರು. ಇಡೀ ಸಮಾಜಕ್ಕೆ ದೊಡ್ಡ ಲಾಭ ತರುವ ಮುನ್ನೆಚ್ಚರಿಕೆಯಿಂದ ಅದನ್ನು ಪಾಲಿಸುವ ಒಬ್ಬೊಬ್ಬನಿಗೆ ಕಾಣುವ ಲಾಭ ಚಿಕ್ಕದು. ನೂರು ಮಂದಿ ಗುಳಿಗೆ ನುಂಗಿದ್ದರಿಂದ ಕೆಲವರ ಲಕ್ವಾ ತಪ್ಪುತ್ತದೆ. ಆ ಕೆಲವರು ಯಾರೆಂದು ದೇವರಿಗೊಬ್ಬನಿಗೇ ಗೊತ್ತು. ಶಸ್ತ್ರಚಿಕಿತ್ಸೆಯಿಂದ ಬದುಕಿದವನು ವೈದ್ಯನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಲಕ್ವಾ ಹೊಡೆಯದೇ ಹೋದವನಿಗೆ ತಾನು ಬದುಕಿಕೊಂಡೆ ಎಂಬುದೇ ತಿಳಿಯುವುದಿಲ್ಲ. ಉಪಕೇಂದ್ರದ ನರ್ಸಿಗೆ ಯಾರೂ ಶಾಲು ಹೊದಿಸುವುದಿಲ್ಲ, ಬಾರದ ರೋಗದ ಹೆಸರಿನಲ್ಲಿ ಯಾವ ಶಾಸಕನೂ ಶಿಲಾನ್ಯಾಸ ಮಾಡುವುದಿಲ್ಲ. ಕೃತಜ್ಞತೆ ಹುಟ್ಟದ ಕಡೆ ಒತ್ತಾಯವೂ ಹುಟ್ಟುವುದಿಲ್ಲ. ಆದ್ದರಿಂದ ಇಂತಹ ಕೆಲಸ ಭಾವನೆಯ ಬಲದಿಂದ ನಡೆಯುವುದಿಲ್ಲ, ನ್ಯಾಯಬುದ್ಧಿಯ ಬಲದಿಂದ ನಡೆಯಬೇಕು.

ಏನು ಮಾಡಬಹುದು?

ದಾರಿ ಗೊತ್ತಿಲ್ಲದ ವಿಷಯವೇನೂ ಇದಲ್ಲ. 2017ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ವಿಶ್ವ ಆರೋಗ್ಯ ಸಂಸ್ಥೆ ಮುಂತಾದವು ಸೇರಿ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವನ್ನು ಆರಂಭಿಸಿದವು. ಕೇರಳ, ಪಂಜಾಬ್, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಿಂದ ಶುರುವಾಗಿ ಬಳಿಕ ನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಹರಡಿತು. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಅದರ ಗುಟ್ಟು ಐದು ಸರಳ ಸಂಗತಿಗಳಲ್ಲಿದೆ. ಎಲ್ಲ ಕೇಂದ್ರಗಳಲ್ಲೂ ಒಂದೇ ಸರಳ ಚಿಕಿತ್ಸಾ ಕ್ರಮ, ಯಾವ ಗುಳಿಗೆಯಿಂದ ಆರಂಭಿಸಬೇಕು, ಇಳಿಯದಿದ್ದರೆ ಮುಂದಿನದು ಯಾವುದು ಎಂಬುದು ಗೋಡೆಯ ಮೇಲೇ ಇರುತ್ತದೆ. ಗುಳಿಗೆಯ ದಾಸ್ತಾನು ಮುಗಿಯಬಾರದು. ವೈದ್ಯರೊಬ್ಬರ ಮೇಲೆ ಭಾರ ಹಾಕದೆ ನರ್ಸು, ಆರೋಗ್ಯ ಸಹಾಯಕಿಯರೂ ಕೆಲಸ ಹಂಚಿಕೊಳ್ಳಬೇಕು. ಮನೆಗೆ ಹತ್ತಿರದ ಉಪಕೇಂದ್ರದಲ್ಲೇ ಒಂದು ತಿಂಗಳ ಗುಳಿಗೆ ಒಟ್ಟಿಗೆ ಸಿಗಬೇಕು. ಕೊನೆಯದಾಗಿ, ಬಾರದವರು ಯಾರು ಎಂಬ ಲೆಕ್ಕ ಇರಬೇಕು, ಅವರಿಗೆ ಫೋನು ಹೋಗಬೇಕು. ಈ ಕ್ರಮ ಜಾರಿಗೆ ಬಂದ ಮೊದಲ ಜಿಲ್ಲೆಗಳಲ್ಲಿ ಚಿಕಿತ್ಸೆಗೆ ದಾಖಲಾದವರ ಪೈಕಿ ಅರ್ಧಕ್ಕೆ ಹತ್ತಿರ ಮಂದಿಯ ರಕ್ತದೊತ್ತಡ ಹತೋಟಿಗೆ ಬಂತು.

ನೆರೆಯ ದೇಶಗಳ ಅನುಭವವೂ ಇದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ 2,645 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂತಹ ಹೆಂಗಸರು ಮನೆಮನೆಗೆ ಹೋಗಿ ಬಿಪಿ ಅಳೆದರು, ತಿಳಿಹೇಳಿದರು, ಹೆಚ್ಚಿದ್ದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. ಎರಡು ವರ್ಷಗಳಲ್ಲಿ ಆ ಊರುಗಳವರ ಮೇಲಿನ ಅಂಕಿ ಇತರ ಊರುಗಳವರಿಗಿಂತ ಸರಾಸರಿ 5 ಹೆಚ್ಚಾಗಿ ಇಳಿಯಿತು. ಐದು ಎಂದರೆ ಏನು ಮಹಾ ಎನಿಸಬಹುದು. ಅಷ್ಟು ಇಳಿದರೆ ಹೃದಯಾಘಾತ, ಲಕ್ವಾಗಳಲ್ಲಿ ಹತ್ತರಲ್ಲೊಂದು ತಪ್ಪುತ್ತದೆ ಎಂದು ಲಕ್ಷಾಂತರ ಜನರ ಅಂಕಿಅಂಶಗಳು ಹೇಳುತ್ತವೆ.

ಕರ್ನಾಟಕ ಸರಕಾರವೂ 'ಗೃಹ ಆರೋಗ್ಯ' ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿ 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. 30 ದಾಟಿದವರ ಮನೆ ಬಾಗಿಲಿಗೆ ಹೋಗಿ ಬಿಪಿ, ಸಕ್ಕರೆ ಮುಂತಾದವನ್ನು ಪರೀಕ್ಷಿಸುವುದು ಅದರ ಉದ್ದೇಶ. ಒಳ್ಳೆಯ ಹೆಜ್ಜೆ. ಆದರೆ ಅಳೆಯುವುದು ಅರ್ಧ ಕೆಲಸ. ಅಳೆದು, "ನಿಮಗೆ ಬಿಪಿ ಇದೆ" ಎಂದು ಹೇಳಿ, ಮರುತಿಂಗಳು ಗುಳಿಗೆ ಇಲ್ಲ ಎನ್ನುವುದು ಅಳೆಯದಿರುವುದಕ್ಕಿಂತ ಕ್ರೂರ. ನಮ್ಮ ಮೂರು ತಾಲೂಕುಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಇವು: ಈ ಉಪಕೇಂದ್ರದಲ್ಲಿ ಎಷ್ಟು ಮಂದಿಯ ಹೆಸರು ದಾಖಲಾಗಿದೆ? ಕಳೆದ ಮೂರು ತಿಂಗಳಲ್ಲಿ ಎಷ್ಟು ಮಂದಿ ಗುಳಿಗೆ ಒಯ್ದರು? ಎಷ್ಟು ಮಂದಿಯದು 140/90ಕ್ಕಿಂತ ಕೆಳಗೆ ಬಂದಿದೆ? ಗುಳಿಗೆ ಎಷ್ಟು ದಿನ ಖಾಲಿಯಾಗಿತ್ತು? ಗ್ರಾಮಸಭೆಯಲ್ಲಿ ಚರಂಡಿಯ ಬಗ್ಗೆ ಕೇಳುವ ನಾವು ಇದನ್ನೂ ಕೇಳಬಹುದು.

ಇಲ್ಲಿ ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಈ ಎಲ್ಲ ಯೋಜನೆಗಳು ಕೊನೆಗೆ ನಿಲ್ಲುವುದು ಆಶಾ ಕಾರ್ಯಕರ್ತೆಯ ಕಾಲ ಮೇಲೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆ ಹೆಂಗಸರು ಚಳಿಯಲ್ಲಿ ರಾತ್ರಿ ಕಳೆದದ್ದು ಗೌರವಧನ ಹೆಚ್ಚಿಸಿ ಎಂದು ಕೇಳಲು. ಇತರರ ಹೃದಯ ಕಾಯಲು ಹೇಳುವ ಸಮಾಜ ಅವಳ ಒಲೆಯ ಬಗ್ಗೆಯೂ ಯೋಚಿಸಬೇಕು.

ಆರೋಗ್ಯವಂತನನ್ನು ರೋಗಿ ಮಾಡುವುದೇ?

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಚೆನ್ನಾಗಿ ದುಡಿದುಕೊಂಡಿರುವವನ ಮನೆಗೆ ಹೋಗಿ "ನೀನು ರೋಗಿ" ಎಂದು ಹೇಳಲು ನಮಗೇನು ಹಕ್ಕು? ಅವನ ನೆಮ್ಮದಿ ಕೆಡಿಸಿದಂತಾಗದೇ? ಔಷಧ ಕಂಪೆನಿಗಳಿಗೆ ಜೀವನಪರ್ಯಂತದ ಗಿರಾಕಿಯನ್ನು ಒದಗಿಸಿದಂತಾಗದೇ?

ಆಕ್ಷೇಪದಲ್ಲಿ ಸತ್ಯಾಂಶವಿದೆ. ಒಂದೇ ಸಲ, ನಡೆದುಬಂದ ಏದುಸಿರಿನಲ್ಲಿ ಅಳೆದು ಹಣೆಪಟ್ಟಿ ಕಟ್ಟುವುದು ತಪ್ಪು. ಅಂಕಿ ತೀರಾ ಹೆಚ್ಚಿಲ್ಲದಿದ್ದರೆ ಕೂರಿಸಿ, ಐದು ನಿಮಿಷ ಬಿಟ್ಟು, ಎರಡು ಸಲ, ಬೇರೆ ಬೇರೆ ದಿನ ಅಳೆದೇ ನಿರ್ಧರಿಸಬೇಕು. ಗುಳಿಗೆಯಿಂದ ಕಾಲು ಊದಿಕೊಳ್ಳುವಂತಹ ತೊಂದರೆ ಕೆಲವರಿಗೆ ಆಗುತ್ತದೆ. ಅದನ್ನು ಮೊದಲೇ ಹೇಳಬೇಕು, ಹೇಳಿಕೊಂಡು ಬಂದವರನ್ನು ಗದರಬಾರದು. ಎಲ್ಲ ತಿಳಿದ ಮೇಲೂ ಒಬ್ಬ ಬೇಡವೆಂದರೆ ಅದು ಅವನ ಹಕ್ಕು. ಆದರೆ ತಿಳಿಯದೆಯೇ ಬಿಡುವುದನ್ನು ಅವನ ಆಯ್ಕೆ ಎಂದು ಕರೆಯುವಂತಿಲ್ಲ. ಬಾಗಿಲು ತೋರಿಸದೆ "ಅವನೇ ಒಳಗೆ ಬರಲಿಲ್ಲ" ಎನ್ನುವುದು ಪ್ರಾಮಾಣಿಕತೆಯಲ್ಲ. ಇನ್ನು ಈ ಗುಳಿಗೆಗಳ ಪೇಟೆಂಟ್ ಕಾಲ ಎಂದೋ ಮುಗಿದಿದೆ. ಕಂಪೆನಿಗಳ ದೊಡ್ಡ ಲಾಭ ಇರುವುದು ಲಕ್ವಾ ಹೊಡೆದ ಮೇಲಿನ, ಮೂತ್ರಪಿಂಡ ಕೆಟ್ಟ ಮೇಲಿನ ಚಿಕಿತ್ಸೆಯಲ್ಲಿ.

ಭರವಸೆ ಮತ್ತು ಹಗ್ಗ

"ಎಲ್ಲ ದೇವರ ಇಚ್ಛೆ" ಎಂಬ ಮಾತು ನಮ್ಮ ಎಲ್ಲ ಸಮುದಾಯಗಳಲ್ಲೂ ಇದೆ. ಒಬ್ಬರು ಹಣೆಬರಹ ಎನ್ನುತ್ತಾರೆ, ಒಬ್ಬರು ತಕ್ದೀರ್ ಎನ್ನುತ್ತಾರೆ. ಮುಸ್ಲಿಮರಲ್ಲಿ ತವಕ್ಕುಲ್ ಎಂಬ ಪದವಿದೆ, ದೇವರ ಮೇಲೆ ಭರವಸೆ ಇಡುವುದು ಎಂದರ್ಥ. ಒಂಟೆಯನ್ನು ಕಟ್ಟದೆ ದೇವರ ಭರವಸೆಯಲ್ಲಿ ಬಿಡಲೇ ಎಂದು ಕೇಳಿದವನಿಗೆ ಪ್ರವಾದಿಯವರು ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ತಿಳಿಹೇಳಿದ ಪ್ರಸಂಗ ಪ್ರಸಿದ್ಧ. ದಿನದ ಗುಳಿಗೆ ಆ ಹಗ್ಗದಂತೆ. ಕಟ್ಟಿದ ಮಾತ್ರಕ್ಕೆ ಒಂಟೆ ಸಾಯುವುದಿಲ್ಲವೆಂದಲ್ಲ, ಕಟ್ಟುವುದು ನಮ್ಮ ಪಾಲಿನ ಕೆಲಸ. ದೇಹ ನಮ್ಮ ಸೊತ್ತಲ್ಲ, ಅಮಾನತ್ತು, ಕೇಳಿದವನಿಗೆ ಲೆಕ್ಕ ಒಪ್ಪಿಸಬೇಕಾದ ಇಡುಗಂಟು ಎಂಬ ನಂಬಿಕೆಗೂ ಇದೇ ಹೊಂದುತ್ತದೆ. ರಮಝಾನಿನಲ್ಲಿ ಅನೇಕರು ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ದಿನಕ್ಕೊಮ್ಮೆಯ ಗುಳಿಗೆಯನ್ನು ಇಫ್ತಾರಿಗೋ ಸಹರಿಗೋ ಹೊಂದಿಸಿಕೊಳ್ಳಲು ಸಾಮಾನ್ಯವಾಗಿ ಸಾಧ್ಯ. ರಮಝಾನಿಗೆ ಮುಂಚೆಯೇ ವೈದ್ಯರನ್ನು ಕೇಳಿಕೊಳ್ಳಬೇಕು. ಉಪವಾಸವೇ ಅಪಾಯವೆನಿಸುವ ರೋಗಿಗೆ ಧರ್ಮವೇ ರಿಯಾಯಿತಿ ನೀಡಿದೆ.

ಇಸ್ಲಾಮಿನಲ್ಲಿ ಫರ್ಝ್ ಕಿಫಾಯ ಎಂಬ ಇನ್ನೊಂದು ಪರಿಕಲ್ಪನೆಯಿದೆ. ಸಮುದಾಯದ ಕೆಲವರಾದರೂ ಮಾಡಿದರೆ ಎಲ್ಲರ ಹೊಣೆ ತೀರುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಶವಸಂಸ್ಕಾರಕ್ಕೆ ನಾವು ಇದನ್ನು ಚೆನ್ನಾಗಿ ಪಾಲಿಸುತ್ತೇವೆ. ಅಪರಿಚಿತ ಸತ್ತರೂ ಹೆಗಲು ಕೊಡಲು ಜನ ಸೇರುತ್ತಾರೆ. ಬದುಕಿರುವಾಗ ಅದೇ ಹೆಗಲು ಸಿಗಬಾರದೇಕೆ? ಶುಕ್ರವಾರದ ನಮಾಝ್ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ, ಜಾತ್ರೆಯ ದಿನ ದೇವಸ್ಥಾನದ ಬದಿಯಲ್ಲಿ, ರವಿವಾರ ಚರ್ಚಿನ ಅಂಗಳದಲ್ಲಿ, ಮೀನು ಹರಾಜಿನ ಬಂದರಿನಲ್ಲಿ ಒಂದು ಮೇಜು, ಒಂದು ಯಂತ್ರ, ಒಂದು ಪುಸ್ತಕ ಇಡಲು ಕೋಟಿ ರೂಪಾಯಿ ಬೇಡ. ಅಲ್ಲಿ ಸಿಕ್ಕಿದ ಹೆಸರುಗಳು ಉಪಕೇಂದ್ರದ ಪುಸ್ತಕಕ್ಕೆ ಹೋಗಬೇಕು, ಅದು ಮುಖ್ಯ. ಫೋಟೋ ತೆಗೆಸಿಕೊಂಡು ಮುಗಿಯುವ ಒಂದು ದಿನದ ಶಿಬಿರದಿಂದ ಯಾರ ಬಿಪಿಯೂ ಇಳಿದಿಲ್ಲ.

ಉಪ್ಪಿನ ನೆಲದಲ್ಲಿ

ನಮ್ಮ ನೆಲಕ್ಕೂ ಉಪ್ಪಿಗೂ ಹಳೆಯ ನಂಟು. ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಗಳು ಇಂದಿಗೂ ಇವೆ. ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆಯಿತು. ಅಂದು ಒಂದು ಹಿಡಿ ಉಪ್ಪು ಸ್ವಾತಂತ್ರ್ಯದ ಗುರುತಾಗಿತ್ತು. ಇಂದು ಒಣಮೀನು, ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಬೇಕರಿಯ ತಿಂಡಿ ಎಲ್ಲ ಸೇರಿ ಒಳಹೋಗುವ ಉಪ್ಪು ಬೇರೆ ಕಥೆ ಹೇಳುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಲೋಕದ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ಚೀನಾದ 600 ಹಳ್ಳಿಗಳಲ್ಲಿ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಲಕ್ವಾ ಶೇ. 14ರಷ್ಟು ಕಡಿಮೆಯಾದದ್ದು 2021ರಲ್ಲಿ ವರದಿಯಾಯಿತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಅಂತಹ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಗಂಜಿಗೆ ಉಪ್ಪಿನಕಾಯಿಯೊಂದೇ ನಂಚಿಕೊಳ್ಳಲು ಇರುವ ಬಡವನಿಗೆ ಉಪ್ಪು ಬಿಡು ಎಂದು ಉಪದೇಶಿಸುವ ಮುನ್ನ ಅವನ ತಟ್ಟೆಯಲ್ಲಿ ಬೇರೇನಿದೆ ಎಂದು ನೋಡುವ ಸೌಜನ್ಯ ನಮಗಿರಲಿ.

ಫಿನ್‌ಲೆಂಡಿನ ಉತ್ತರ ಕರೇಲಿಯಾ ಎಂಬ ಹಿಂದುಳಿದ ಪ್ರಾಂತ್ಯದ ಜನ 1971ರಲ್ಲಿ ತಮ್ಮ ಸರಕಾರಕ್ಕೆ ಒಂದು ಮನವಿ ಸಲ್ಲಿಸಿದರು. ಹೃದ್ರೋಗದಿಂದ ನಮ್ಮ ಗಂಡಸರು ಹರೆಯದಲ್ಲೇ ಸಾಯುತ್ತಿದ್ದಾರೆ, ಏನಾದರೂ ಮಾಡಿ ಎಂದು. 1972ರಲ್ಲಿ ಅಲ್ಲಿ ಆರಂಭವಾದ ಯೋಜನೆಯು ಊಟ, ಉಪ್ಪು, ಹೊಗೆಸೊಪ್ಪು, ರಕ್ತದೊತ್ತಡಗಳ ಮೇಲೆ ಕಣ್ಣಿಟ್ಟಿತು. ಗೃಹಿಣಿಯರ ಸಂಘಗಳು, ಅಂಗಡಿಯವರು, ನರ್ಸುಗಳು ಸೇರಿ ದುಡಿದರು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು.

ನಮ್ಮ ಮೂರು ತಾಲೂಕುಗಳ ಜನರೂ ಮನವಿ ಬರೆದಿದ್ದಾರೆ, ಬೀದಿಗೆ ಇಳಿದಿದ್ದಾರೆ. ಆಸ್ಪತ್ರೆಯ ಆ ಬೇಡಿಕೆ ಹಾಗೆಯೇ ಇರಲಿ, ಈಡೇರುವ ತನಕ ಇರಲಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ನಮ್ಮ ಪ್ರತಿ ಉಪಕೇಂದ್ರದಲ್ಲಿ ವರ್ಷದ ಎಲ್ಲ ದಿನ ಗುಳಿಗೆ ಇರಬೇಕು, ಬಾರದವರನ್ನು ಕೇಳಿಕೊಂಡು ಯಾರಾದರೂ ಹೋಗಬೇಕು.

ಆ ತಾಂಡೇಲರ ಮನೆಗೆ ಕಳೆದ ಸಲ ಹೋದಾಗ ಅವರ ಪತ್ನಿ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತರು. "ನಿಮ್ಮದು ನೋಡಿಸಿದ್ದೀರಾ ಅಕ್ಕ?" ಎಂದು ಕೇಳಿದೆ. "ನಂದಾ? ನನಗೆ ಏನಾಗಿದೆ?" ಎಂದರು. ಅದೇ ಮಾತು. ಎರಡು ದಿನ ಬಿಟ್ಟು ಉಪಕೇಂದ್ರಕ್ಕೆ ಹೋಗಿ ನೋಡಿಸಿದಾಗ 170/100 ಇತ್ತಂತೆ. ಈಗ ಗಂಡನ ಗುಳಿಗೆಯ ಡಬ್ಬಿಯ ಪಕ್ಕದಲ್ಲೇ ಅವರದೂ ಒಂದಿದೆ. ತಿಂಗಳಿಗೊಮ್ಮೆ ಅದನ್ನು ತುಂಬಿಸಿಕೊಳ್ಳುವುದು ಅವರ ಹೊಣೆ. ಅದು ಖಾಲಿಯಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರದು.